ಬಮ್‌ಗಾರ್ನರ್‌ನನ್ನು ಕೈಬಿಟ್ಟ ಡೈಮಂಡ್‌ಬ್ಯಾಕ್ಸ್: ಇನ್ನೂ 3.4 ಕೋಟಿ ಡಾಲರ್ ಕೊಡಬೇಕಿರುವಾಗ ಹೀಗೆ ಮಾಡಿದ್ದು ಸರಿನಾ?

ಚಾಂಡ್ಲರ್ ಕನ್ನಡಿಗ · 21 ಏಪ್ರಿಲ್ 2023

ನಿನ್ನೆ ಆಫೀಸಿನಲ್ಲಿದ್ದಾಗ ಸುದ್ದಿ ಬಂತು. ನಮ್ಮ ಅರಿಜೋನಾ ಡೈಮಂಡ್‌ಬ್ಯಾಕ್ಸ್ ಬೇಸ್‌ಬಾಲ್ ತಂಡ ಪಿಚ್ಚರ್ (ಚೆಂಡು ಎಸೆಯುವವನು, ನಮ್ಮ ಬೌಲರ್ ಇದ್ದ ಹಾಗೆ) ಮ್ಯಾಡಿಸನ್ ಬಮ್‌ಗಾರ್ನರ್‌ನನ್ನು ತಂಡದಿಂದ ತೆಗೆದುಹಾಕಿದೆ. ಹಿಂದಿನ ದಿನ ಸೇಂಟ್ ಲೂಯಿಸ್‌ನಲ್ಲಿ ಆಡಿದ್ದ. 3 ಇನ್ನಿಂಗ್ಸ್‌ಗೆ (ಪೂರ್ತಿ ಪಂದ್ಯ ಅಂದರೆ 9) 7 ರನ್ ಕೊಟ್ಟ, ಸಾಲದ್ದಕ್ಕೆ ಎದುರು ತಂಡದ ಬ್ಯಾಟರ್ ಜೊತೆ ಮಾತಿಗೆ ಮಾತು ಬೆಳೆಸಿದ. ಈ ವರ್ಷ ಆಡಿದ್ದು 4 ಪಂದ್ಯ, ಸೋಲು 3, ಗೆಲುವು ಒಂದೂ ಇಲ್ಲ.

ದುಡ್ಡಿನ ವಿಷಯಕ್ಕೆ ಬರ್ತೀನಿ. 2019ರ ಡಿಸೆಂಬರ್‌ನಲ್ಲಿ ಇವನಿಗೆ 5 ವರ್ಷಕ್ಕೆ 8.5 ಕೋಟಿ ಡಾಲರ್ ಅಂತ ಒಪ್ಪಂದ ಆಗಿತ್ತು. ಅದರಲ್ಲಿ ಇನ್ನೂ ಸುಮಾರು 3.4 ಕೋಟಿ ಡಾಲರ್ ಕೊಡೋದು ಬಾಕಿ ಇದೆ. ನಮ್ಮ ರೂಪಾಯಿಯಲ್ಲಿ 280 ಕೋಟಿ ಹತ್ತಿರ! ಅವನು ಮನೆಯಲ್ಲಿ ಕೂತರೂ ಅಷ್ಟನ್ನೂ ಕೊಡಲೇಬೇಕು. ಹಾಗಿದ್ದ ಮೇಲೆ ಇಟ್ಟುಕೊಂಡು ಏನಾದರೂ ಕೆಲಸ ತೆಗೆಯಬಹುದಿತ್ತು ಅಲ್ವಾ? ಬುಲ್‌ಪೆನ್‌ಗೆ, ಅಂದರೆ ಪಂದ್ಯದ ನಡುವೆ ಬದಲಿಯಾಗಿ ಬಂದು ಎಸೆಯುವವರ ಗುಂಪಿಗೆ, ಹಾಕಬಹುದಿತ್ತು. ಒಂದು ತಿಂಗಳು ಕೆಳಹಂತದ ಮೈನರ್ ಲೀಗ್‌ಗೆ ಕಳಿಸಿ ಸರಿಮಾಡಿ ಕರೆಸಬಹುದಿತ್ತು.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಬೇಸ್‌ಬಾಲ್ ನೋಡೋಕೆ ಶುರು ಮಾಡಿದ್ದೇ ಇವನಿಂದ. 2014ರಲ್ಲಿ ಈ ದೇಶಕ್ಕೆ ಬಂದ ಹೊಸತು, ರೂಮಿನಲ್ಲಿದ್ದ ಗೆಳೆಯ ವರ್ಲ್ಡ್ ಸೀರೀಸ್‌ನ (ಇಲ್ಲಿನ ಫೈನಲ್ ಸರಣಿ) 7ನೇ ಪಂದ್ಯ ಹಾಕಿದ್ದ. ಆಟದ ತಲೆಬುಡ ಗೊತ್ತಿರಲಿಲ್ಲ. ಆದರೂ ಆ ಎಡಗೈ ಹುಡುಗ ಎಸೆಯೋದನ್ನು ನೋಡುತ್ತಾ ಊಟದ ತಟ್ಟೆ ಕೈಯಲ್ಲೇ ಒಣಗಿತ್ತು. ಅದಕ್ಕೇ ಹೊಟ್ಟೆಯಲ್ಲಿ ಏನೋ ಸಂಕಟ ಆಗ್ತಿದೆ. ತಿಳಿದವರು ಹೇಳಿ.

ಬೆಣ್ಣೆದೋಸೆ

ನಾನು ದಾವಣಗೆರೆಯಲ್ಲಿ ಕೂತು ಓದ್ತಿದ್ದೀನಿ, ಬೇಸ್‌ಬಾಲ್ ಗೊತ್ತಿಲ್ಲ. ಆಡದೇ ಇರುವವನಿಗೆ 280 ಕೋಟಿ ಯಾಕೆ ಕೊಡಬೇಕು? ಐಪಿಎಲ್‌ನಲ್ಲಿ ಬೇಡ ಅಂದರೆ ಬಿಟ್ಟುಬಿಡ್ತಾರೆ, ಮುಗೀತು.

ಹಾಸನ ಟು ಹ್ಯೂಸ್ಟನ್

ಎರಡಕ್ಕೂ ದೊಡ್ಡ ವ್ಯತ್ಯಾಸ ಅದೇ ಸರ್. ಐಪಿಎಲ್ ಒಪ್ಪಂದ ಲೆಕ್ಕಕ್ಕೆ ವರ್ಷ ವರ್ಷದ್ದು. ಸೀಸನ್ ಮುಗಿದ ಮೇಲೆ ಬಿಟ್ಟರೆ ಮುಂದಿನ ವರ್ಷದ ದುಡ್ಡು ಕೊಡಬೇಕಾಗಿಲ್ಲ, ಹರಾಜಿನ ಪರ್ಸ್‌ಗೂ ಅಷ್ಟು ವಾಪಸ್ ಬರುತ್ತದೆ. ಜಯದೇವ್ ಉನಾದ್ಕತ್ ನೆನಪಿದೆಯಾ? 2018ರಲ್ಲಿ ರಾಜಸ್ಥಾನ 11.5 ಕೋಟಿ ಕೊಟ್ಟು ತಗೊಂಡಿತು. 15 ಪಂದ್ಯಕ್ಕೆ 11 ವಿಕೆಟ್, ಓವರ್‌ಗೆ ಒಂಬತ್ತೂವರೆಗಿಂತ ಜಾಸ್ತಿ ರನ್. ಬಿಟ್ಟರು. ಮುಂದಿನ ಹರಾಜಿನಲ್ಲಿ ಅದೇ ತಂಡ 8.4 ಕೋಟಿಗೆ ಮತ್ತೆ ತಗೊಂಡಿತು. ಇಲ್ಲಿ ಹಾಗೆ ಮಾಡೋಕೆ ಬರಲ್ಲ. ಸಹಿ ಹಾಕಿದರೆ ಐದು ವರ್ಷದ ದುಡ್ಡೂ ಕೊಟ್ಟಂತೆಯೇ.

ಇದು ಸುಮ್ನೆ ಬಂದದ್ದಲ್ಲ. ಆಟಗಾರರ ಸಂಘ ಗಟ್ಟಿಯಾಗಿ ನಿಂತು ತಂದುಕೊಂಡದ್ದು. 1975ಕ್ಕೆ ಮೊದಲು ಆಟಗಾರನಿಗೆ ತಂಡ ಬಿಟ್ಟು ಹೋಗುವ ಹಕ್ಕೇ ಇರಲಿಲ್ಲ. ಒಪ್ಪಂದ ಮುಗಿದರೂ ಅದೇ ಮಾಲೀಕನ ಹತ್ತಿರ ಕೈಕಟ್ಟಿ ನಿಲ್ಲಬೇಕಿತ್ತು. ಆ ವರ್ಷ ಆಂಡಿ ಮೆಸ್ಸರ್‌ಸ್ಮಿತ್, ಡೇವ್ ಮೆಕ್‌ನಾಲಿ ಅನ್ನುವ ಇಬ್ಬರು ಪಿಚ್ಚರ್‌ಗಳು ಕೇಸ್ ಗೆದ್ದರು. ಅಲ್ಲಿಂದ ಆಟಗಾರರ ಕೈಗೆ ಬಲ ಬಂತು.

ಲೆಕ್ಕದ ಮನುಷ್ಯ

ಚಾಂಡ್ಲರ್ ಸರ್, ನಿಮ್ಮ ಪ್ರಶ್ನೆಯಲ್ಲೇ ತಪ್ಪು ಇದೆ. "ಹೇಗೂ ದುಡ್ಡು ಕೊಡಬೇಕು, ಅದಕ್ಕೆ ಆಡಿಸೋಣ" ಅಂತ ಹೇಳ್ತಿದ್ದೀರಿ. ಆಡಿಸಿದರೂ 3.4 ಕೋಟಿ, ಆಡಿಸದಿದ್ದರೂ 3.4 ಕೋಟಿ. ಎರಡೂ ಕಡೆ ಒಂದೇ ಆದ ಮೇಲೆ ಆ ಸಂಖ್ಯೆಯನ್ನು ಲೆಕ್ಕದಿಂದಲೇ ತೆಗೆದುಬಿಡಿ. ಉಳಿಯೋದು ಒಂದೇ ಪ್ರಶ್ನೆ: ಐದು ದಿನಕ್ಕೊಮ್ಮೆ ಬರುವ ಆ ಪಂದ್ಯವನ್ನು ಯಾರು ಶುರು ಮಾಡಿದರೆ ಗೆಲ್ಲುವ ಅವಕಾಶ ಜಾಸ್ತಿ?

ನಮ್ಮ ಅಪ್ಪ ಕೋಲಾರದ ಕಡೆ ತೋಟಕ್ಕೆ ಬೋರ್ ಹಾಕಿಸಿದ್ದು ಹೇಳ್ತೀನಿ. ಪಾಯಿಂಟ್ ನೋಡಿದವರು 600 ಅಡಿಗೆ ನೀರು ಅಂದಿದ್ದರು. 600 ಆಯಿತು, ಬರೀ ದೂಳು. ಇಷ್ಟು ಖರ್ಚಾಗಿದೆ, ಇಲ್ಲಿಗೆ ನಿಲ್ಲಿಸಿದರೆ ಹಾಕಿದ ದುಡ್ಡೆಲ್ಲ ಹೋಗುತ್ತದಲ್ಲ ಅಂತ 800ಕ್ಕೆ ಹೋದರು. ಆಮೇಲೆ 1,000. ರಿಗ್ ಲಾರಿಯವನು ಅಡಿ ಅಡಿಗೂ ದುಡ್ಡು ಎಣಿಸಿಕೊಂಡ. ಕೊನೆಗೂ ನೀರು ಬರಲಿಲ್ಲ. ಮೊದಲ 600 ಅಡಿಯ ದುಡ್ಡು ಆಗಲೇ ಹೋಗಿತ್ತು. ಆಮೇಲಿನ 400 ಅಡಿಯ ದುಡ್ಡನ್ನು ಮಾತ್ರ ಉಳಿಸಬಹುದಿತ್ತು. ಆ ಸಾಲ ತೀರಿಸೋಕೆ ಮೂರು ವರ್ಷ ಬೇಕಾಯಿತು. ಬಮ್‌ಗಾರ್ನರ್ ವಿಷಯದಲ್ಲಿ ಡೈಮಂಡ್‌ಬ್ಯಾಕ್ಸ್ 600 ಅಡಿಗೇ ನಿಲ್ಲಿಸಿದ್ದಾರೆ. ನನ್ನ ಪ್ರಕಾರ ಸರಿಯಾಗಿಯೇ ಮಾಡಿದ್ದಾರೆ.

ಫ್ರೀಮಾಂಟ್ ಫಿಲ್ಟರ್ ಕಾಫಿ

ಲೆಕ್ಕದವರೇ, ಬೋರ್‌ವೆಲ್ ಉದಾಹರಣೆ ಚೆನ್ನಾಗಿದೆ. ಆದರೆ 1,100 ಅಡಿಗೆ ನೀರು ಬಂದದ್ದೂ ಉಂಟು. ಬಮ್‌ಗಾರ್ನರ್ ಮೊದಲು ಆಡ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಅಭಿಮಾನಿ ನಾನು, ನಮ್ಮ ಪಿಚ್ಚರ್ ಬ್ಯಾರಿ ಜೀಟೋ ಕಥೆ ಕೇಳಿ.

2006ರ ಡಿಸೆಂಬರ್‌ನಲ್ಲಿ ಅವನಿಗೆ 7 ವರ್ಷಕ್ಕೆ 12.6 ಕೋಟಿ ಡಾಲರ್ ಕೊಟ್ಟರು. ಬಂದ ದಿನದಿಂದ ನಿರಾಸೆ. 2010ರಲ್ಲಿ ತಂಡ ವರ್ಲ್ಡ್ ಸೀರೀಸ್ ಗೆದ್ದಾಗ ಪ್ಲೇಆಫ್‌ನ ಆಟಗಾರರ ಪಟ್ಟಿಯಲ್ಲೂ ಅವನನ್ನು ಇಟ್ಟುಕೊಳ್ಳಲಿಲ್ಲ. ತಂಡದಲ್ಲೇ ಅತಿ ಹೆಚ್ಚು ಸಂಬಳದವರಲ್ಲಿ ಒಬ್ಬ, ಆದರೆ ಹೊರಗೆ ಕೂತು ನೋಡಿದ. ಎಲ್ಲರೂ ತೆಗೀರಿ ಅಂದರು, ನಾನೂ ಅಂದಿದ್ದೆ. ತೆಗೆಯಲಿಲ್ಲ. 2012ರಲ್ಲಿ ಸೇಂಟ್ ಲೂಯಿಸ್ ವಿರುದ್ಧ ಸೋತರೆ ಮನೆಗೆ ಅನ್ನುವ ಪಂದ್ಯ. ಅವರ ಊರಿನಲ್ಲೇ, ಜೀಟೋ ಹೆಚ್ಚುಕಡಿಮೆ 8 ಇನ್ನಿಂಗ್ಸ್ ಒಂದೂ ರನ್ ಕೊಡದೆ ಎಸೆದ. ಮುಂದೆ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದಲ್ಲಿ ಜಸ್ಟಿನ್ ವರ್ಲ್ಯಾಂಡರ್‌ನಂಥ ದೊಡ್ಡ ಪಿಚ್ಚರ್ ಎದುರೇ ಗೆದ್ದ. ಆ ರಾತ್ರಿ ಜೀಟೋ ಜೀಟೋ ಅಂತ ಕೂಗಿದವರಲ್ಲಿ ಐದು ವರ್ಷ ಅವನನ್ನು ಬೈದವರೂ ಇದ್ದರು.

ಅದಕ್ಕೇ ಹೇಳೋದು. 4 ಪಂದ್ಯ ನೋಡಿ ತೆಗೆಯೋದು ಅವಸರ.

ಲೆಕ್ಕದ ಮನುಷ್ಯ

4 ಪಂದ್ಯ ಅಲ್ಲ ಸಾರ್, 4 ಸೀಸನ್. ನೋಡಿ: 2020ರಲ್ಲಿ 1 ಗೆಲುವು 4 ಸೋಲು. 2021ರಲ್ಲಿ 7 ಗೆಲುವು 10 ಸೋಲು. 2022ರಲ್ಲಿ 7 ಗೆಲುವು 15 ಸೋಲು. ಈ ವರ್ಷ 3 ಸೋಲು. ಒಟ್ಟು 15 ಗೆಲುವು, 32 ಸೋಲು, ಇಆರ್‌ಎ 5.23. ಇನ್ನೆಷ್ಟು ಕಾಯಬೇಕು ಹೇಳಿ?

ಜೀಟೋ ಕಥೆ ನಿಜ. ಆದರೆ ಹಾಗೆ ತಿರುಗಿ ಬಾರದೆ ಹೋದವರ ಕಥೆ ಯಾರೂ ಹೇಳಲ್ಲ.

ಬೆಣ್ಣೆದೋಸೆ

ಇಆರ್‌ಎ ಅಂದರೇನು?

ಹಾಸನ ಟು ಹ್ಯೂಸ್ಟನ್

ಒಬ್ಬ ಪಿಚ್ಚರ್ ಪೂರ್ತಿ 9 ಇನ್ನಿಂಗ್ಸ್ ಎಸೆದರೆ ಸರಾಸರಿ ಎಷ್ಟು ರನ್ ಕೊಡ್ತಾನೆ ಅನ್ನೋದು. ಫೀಲ್ಡರ್ ತಪ್ಪಿನಿಂದ ಬಂದ ರನ್ ಇದರಲ್ಲಿ ಸೇರಲ್ಲ. ನಮ್ಮ ಬೌಲಿಂಗ್ ಎಕಾನಮಿ ಇದ್ದ ಹಾಗೆ, ಕಡಿಮೆ ಇದ್ದಷ್ಟೂ ಒಳ್ಳೆಯದು. 3ರ ಹತ್ತಿರ ಇದ್ದರೆ ಬಹಳ ಚೆನ್ನ, 4 ಪರವಾಗಿಲ್ಲ, 5 ದಾಟಿದರೆ ಕಷ್ಟ. ಈ ವರ್ಷ ಬಮ್‌ಗಾರ್ನರ್‌ದು 10.26.

ಬೆಣ್ಣೆದೋಸೆ

ಅಯ್ಯೋ. ಈಗ ಅರ್ಥ ಆಯಿತು.

ಮರಳುಗಾಡಿನ ಮಲ್ಲಿಗೆ

ಚಾಂಡ್ಲರ್ ಅವರೇ, ಮೈನರ್ ಲೀಗ್‌ಗೆ ಕಳಿಸಬಹುದಿತ್ತಲ್ಲ ಅಂದಿರಿ. ಅದು ಆಗಲ್ಲ. ಮೇಜರ್ ಲೀಗ್‌ನಲ್ಲಿ 5 ವರ್ಷ ಪೂರೈಸಿದ ಆಟಗಾರ ಒಪ್ಪದೆ ಕೆಳಗೆ ಕಳಿಸುವ ಹಾಗಿಲ್ಲ. ಒಲ್ಲೆ ಅಂತ ಹೇಳಿ, ಪೂರ್ತಿ ಸಂಬಳದ ಜೊತೆಗೇ ಹೊರಗೆ ಹೋಗಬಹುದು. ಇವನು 2009ರಿಂದ ಆಡ್ತಿದ್ದಾನೆ.

ಈಗ ನಡೆಯುವುದು ಹೀಗೆ. 40 ಜನರ ಪಟ್ಟಿಯಿಂದ ಹೆಸರು ತೆಗೆದಿದ್ದಾರೆ. ತಂಡಕ್ಕೆ 7 ದಿನ ಸಮಯ. ಅಷ್ಟರಲ್ಲಿ ಬೇರೆ ತಂಡಕ್ಕೆ ಮಾರಬಹುದು, ಇಲ್ಲವೇ ವೇವರ್ಸ್‌ನಲ್ಲಿ ಹಾಕಬಹುದು, ಅಂದರೆ ಬೇಕಾದ ತಂಡ ಒಪ್ಪಂದದ ಸಮೇತ ತಗೊಳ್ಳಲಿ ಅಂತ ಬಿಡೋದು. ವೇವರ್ಸ್‌ನಲ್ಲಿ ಯಾರಾದರೂ ತಗೊಂಡರೆ ಬಾಕಿ 3.4 ಕೋಟಿಯೂ ಅವರ ತಲೆ ಮೇಲೆ. ಅದಕ್ಕೇ ಯಾರೂ ಮುಟ್ಟಲ್ಲ. ಯಾರೂ ಬರದಿದ್ದರೆ ಬಿಡುಗಡೆ. ಬಿಡುಗಡೆ ಆದ ಮೇಲೆ ಯಾವ ತಂಡ ಬೇಕಾದರೂ ಕನಿಷ್ಠ ಸಂಬಳಕ್ಕೆ ಕರೆದುಕೊಳ್ಳಬಹುದು. ಈ ವರ್ಷ ಅದು ಇಡೀ ಸೀಸನ್‌ಗೆ 7.2 ಲಕ್ಷ ಡಾಲರ್. ಉಳಿದ ಎಲ್ಲವನ್ನೂ ಡೈಮಂಡ್‌ಬ್ಯಾಕ್ಸ್ ಕೊಡಬೇಕು. ಒಂದು ವಾರ ಕಾದರೆ ಕಡಿಮೆಗೆ ಸಿಗುವಾಗ ಈಗಲೇ ಯಾರು ಕೈ ಹಾಕ್ತಾರೆ?

ಚಾಂಡ್ಲರ್ ಕನ್ನಡಿಗ

ಧನ್ಯವಾದ ಮೇಡಂ, ಈ 5 ವರ್ಷದ ನಿಯಮ ನನಗೆ ಗೊತ್ತಿರಲಿಲ್ಲ. ಬುಲ್‌ಪೆನ್?

ಎಡಗೈ ವೇಗಿ

ಬುಲ್‌ಪೆನ್‌ನಲ್ಲಿ ಏನು ಮಾಡ್ತಾನೆ? ಈಗ ಬುಲ್‌ಪೆನ್‌ನಿಂದ ಬರುವ ಹುಡುಗರು ಗಂಟೆಗೆ 96, 97 ಮೈಲಿ ಎಸೆಯುತ್ತಾರೆ. ಬಮ್‌ಗಾರ್ನರ್ ಒಳ್ಳೆಯ ದಿನಗಳಲ್ಲೇ 92–93 ಮೈಲಿ. 2020ರಲ್ಲಿ 88ಕ್ಕೆ ಇಳಿಯಿತು. ಆಮೇಲೆ ಸ್ವಲ್ಪ ಏರಿದರೂ ಹಳೆಯ ಜಾಗಕ್ಕೆ ಬರಲಿಲ್ಲ.

ನಾನೂ ಬೆಂಗಳೂರಿನಲ್ಲಿ ಡಿವಿಷನ್ ಕ್ರಿಕೆಟ್ ಆಡಿದವನು, ಎಡಗೈ ಮಧ್ಯಮ ವೇಗಿ. ನಾಲ್ಕೈದು ಮೈಲಿ ಅಂದರೆ ಏನು ಮಹಾ ಅನ್ನಿಸುತ್ತದೆ. ಎಸೆಯುವವನಿಗೆ ಅದು ಎಷ್ಟು ದೊಡ್ಡದು ಅಂತ ಗೊತ್ತು. ಬಮ್‌ಗಾರ್ನರ್‌ನ ಮುಖ್ಯ ಅಸ್ತ್ರ ಕಟರ್ ಅನ್ನುವ ಎಸೆತ. ವೇಗ ಇದ್ದಾಗ ಅದು ಬ್ಯಾಟಿಗೆ ಹತ್ತಿರ ಬಂದು ಕೊನೇ ಕ್ಷಣದಲ್ಲಿ ಬಾಗುತ್ತದೆ, ಬ್ಯಾಟರ್‌ಗೆ ಯೋಚಿಸೋಕೆ ಸಮಯ ಸಿಗಲ್ಲ. ವೇಗ ಇಳಿದರೆ ಅದೇ ಎಸೆತ, ಅದೇ ಬಾಗು, ಬ್ಯಾಟರ್ ಮಾತ್ರ ನಿಂತು ನೋಡಿ ಹೊಡೆಯುತ್ತಾನೆ. ನನಗೆ 27ನೇ ವಯಸ್ಸಿಗೆ ಭುಜ ನೋವು ಬಂದು, ಹಳೆ ಚೆಂಡೂ ಹೊಸ ಚೆಂಡೂ ಒಂದೇ ಆಗಿಬಿಟ್ಟಿತ್ತು. ಎಲ್ಲಾ ಸರಿಯಾಗಿಯೇ ಮಾಡ್ತಿದ್ದೀನಿ, ಆದರೂ ಬೌಂಡರಿ ಹೋಗ್ತಿದೆ. ಆ ಸಂಕಟ ಹೇಳೋಕಾಗಲ್ಲ.

ಗಿಲ್ಬರ್ಟ್ ಅಮ್ಮ

ಇವನಿಗೂ ಭುಜದ ಪೆಟ್ಟು ಆಗಿತ್ತು ಅಲ್ವಾ? ಬೈಕಿನಿಂದ ಬಿದ್ದು?

ಫ್ರೀಮಾಂಟ್ ಫಿಲ್ಟರ್ ಕಾಫಿ

ಹೌದು, 2017ರ ಏಪ್ರಿಲ್ 20, ಕೊಲೊರಾಡೋದಲ್ಲಿ. ರಜೆ ದಿನ ಡರ್ಟ್ ಬೈಕ್ ಓಡಿಸೋಕೆ ಹೋಗಿ ಬಿದ್ದ. ಎಸೆಯುವ ಎಡ ಭುಜಕ್ಕೇ ಪೆಟ್ಟು, ಪಕ್ಕೆಲುಬಿಗೂ ಏಟು. ಸರಿಯಾಗಿ ಆರು ವರ್ಷ ಆದ ಮೇಲೆ, ಅದೇ ಏಪ್ರಿಲ್ 20ಕ್ಕೆ ಈಗ ತಂಡದಿಂದ ಹೊರಗೆ. ಅಲ್ಲಿಂದಲೇ ಇಳಿಯೋಕೆ ಶುರುವಾದದ್ದು ಅಂತ ನಮ್ಮ ಕಡೆ ಎಷ್ಟೋ ಜನ ನಂಬಿದ್ದಾರೆ.

ನನಗನ್ನಿಸೋದು ಬೇರೆ. ಬೈಕ್‌ಗಿಂತ ಮೊದಲೇ ಆ ತೋಳು ತೇದುಹೋಗಿತ್ತು. 2011ರಿಂದ 2016ರವರೆಗೆ ಒಂದು ವರ್ಷವೂ ತಪ್ಪದೆ 200ಕ್ಕಿಂತ ಜಾಸ್ತಿ ಇನ್ನಿಂಗ್ಸ್ ಎಸೆದ. 2014ರಲ್ಲಂತೂ ಪ್ಲೇಆಫ್ ಸೇರಿ 270 ಇನ್ನಿಂಗ್ಸ್!

ಚಾಂಡ್ಲರ್ ಅವರು ಹೇಳಿದ 7ನೇ ಪಂದ್ಯ ಅದೇ ವರ್ಷದ್ದು. ಕಾನ್ಸಾಸ್ ಸಿಟಿಯಲ್ಲಿ. ಐದನೇ ಪಂದ್ಯ ಪೂರ್ತಿ ಎಸೆದು, ನಡುವೆ ಎರಡೇ ದಿನ ಬಿಡುವು, ಮತ್ತೆ ಬಂದು 5 ಇನ್ನಿಂಗ್ಸ್, 68 ಎಸೆತ, ಒಂದು ರನ್ ಇಲ್ಲ. ನಾವು 3–2ರಿಂದ ಗೆದ್ದೆವು. ಕೊನೇ ಔಟ್‌ಗೆ ಎದುರಾಳಿ ಮೂರನೇ ಬೇಸ್‌ನಲ್ಲಿ ನಿಂತಿದ್ದ, ಒಂದು ಹಿಟ್ ಬಿದ್ದರೆ ಸಮ. ಆ ಸರಣಿಯಲ್ಲಿ 21 ಇನ್ನಿಂಗ್ಸ್‌ಗೆ ಕೊಟ್ಟಿದ್ದು ಒಂದೇ ರನ್. ಮೂರು ವರ್ಲ್ಡ್ ಸೀರೀಸ್ ಸೇರಿಸಿದರೂ 36 ಇನ್ನಿಂಗ್ಸ್‌ಗೆ ಅದೊಂದೇ ರನ್. ಆಗ ಎಲ್ಲರೂ ಹುಚ್ಚೆದ್ದು ಕುಣಿದೆವು. ಆ ತೋಳಿಗೆ ಏನಾಗ್ತಿದೆ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಗಿಲ್ಬರ್ಟ್ ಅಮ್ಮ

ಇದನ್ನು ಓದಿ ಭಯ ಆಗ್ತಿದೆ. ನನ್ನ ಮಗನಿಗೆ 11 ವರ್ಷ, ಇಲ್ಲೇ ಲಿಟಲ್ ಲೀಗ್‌ನಲ್ಲಿ ಪಿಚ್ಚರ್. ಅಲ್ಲಿ ದಿನಕ್ಕೆ 85 ಎಸೆತ ಮಾತ್ರ ಅಂತ ನಿಯಮ ಇದೆ. ಆದರೆ ವಾರಾಂತ್ಯದಲ್ಲಿ ಇನ್ನೊಂದು ಖಾಸಗಿ ತಂಡಕ್ಕೂ ಆಡ್ತಾನೆ, ಅಲ್ಲಿ ಬೇರೆ ಕೋಚ್. ಎರಡೂ ಕಡೆ ಸೇರಿಸಿ ಎಷ್ಟಾಯಿತು ಅಂತ ಇಬ್ಬರೂ ಎಣಿಸಲ್ಲ. ಹೋದ ತಿಂಗಳು ಮೊಣಕೈ ನೋವು ಅಂದ. ಒಂದಷ್ಟು ದಿನ ರಜೆ ಕೊಡಿ ಅಂದರೆ, ಆ ಕೋಚ್ "ಹಾಗಾದರೆ ಅವನ ಜಾಗ ಬೇರೆಯವರಿಗೆ ಹೋಗುತ್ತದೆ" ಅಂದುಬಿಟ್ಟರು.

ಎಡಗೈ ವೇಗಿ

ಅಮ್ಮಾ, ಆ ಖಾಸಗಿ ತಂಡ ಬಿಡಿಸಿಬಿಡಿ. ಜಾಗ ಹೋದರೆ ಹೋಗಲಿ. 11ನೇ ವಯಸ್ಸಿನ ಮೊಣಕೈ ಇನ್ನೂ ಬೆಳೆಯುತ್ತಿರುವ ಮೂಳೆ. ಮೊದಲು ಮಕ್ಕಳ ಮೂಳೆ ಡಾಕ್ಟರ್‌ಗೆ ತೋರಿಸಿ, ಅವರು ಹೇಳುವವರೆಗೂ ಒಂದು ಎಸೆತವೂ ಬೇಡ. ನೀವೇ ಒಂದು ಪುಸ್ತಕ ಇಟ್ಟುಕೊಂಡು ಎಲ್ಲಾ ಕಡೆಯ ಎಸೆತ ಬರೆದಿಡಿ.

ಗಿಲ್ಬರ್ಟ್ ಅಮ್ಮ

ಸೋಮವಾರವೇ ಅಪಾಯಿಂಟ್‌ಮೆಂಟ್ ತಗೋತೀನಿ ಅಣ್ಣ. ಥ್ಯಾಂಕ್ಸ್.

ಡಿಸಿ ಕನ್ನಡತಿ

ವಿಷಯಕ್ಕೆ ವಾಪಸ್ ಬರೋಣ. ನಮ್ಮ ವಾಷಿಂಗ್ಟನ್ ನ್ಯಾಷನಲ್ಸ್ ಇನ್ನೊಂದು ದಾರಿ ಹಿಡಿದಿದ್ದಾರೆ. ಪಿಚ್ಚರ್ ಪ್ಯಾಟ್ರಿಕ್ ಕಾರ್ಬಿನ್, 6 ವರ್ಷಕ್ಕೆ 14 ಕೋಟಿ ಡಾಲರ್. ಮೊದಲ ವರ್ಷ, 2019ರಲ್ಲಿ, ವರ್ಲ್ಡ್ ಸೀರೀಸ್ ಏಳನೇ ಪಂದ್ಯ ಗೆಲ್ಲಿಸಿಕೊಟ್ಟ. ಆಮೇಲೆ 2021ರಲ್ಲಿ 16 ಸೋಲು, 2022ರಲ್ಲಿ 19 ಸೋಲು. ಆದರೂ ತೆಗೆದಿಲ್ಲ, ಐದು ದಿನಕ್ಕೊಮ್ಮೆ ಬಂದು ಎಸೆಯುತ್ತಾನೆ. ನಮ್ಮದು ಈಗ ಸೋಲುವ ತಂಡ, ಹೊಸ ಹುಡುಗರನ್ನು ಬೆಳೆಸ್ತಿದ್ದಾರೆ. ಆ ಹುಡುಗರ ತೋಳು ಉಳಿಯಬೇಕಾದರೆ ಇನ್ನಿಂಗ್ಸ್ ಹೊರುವವನು ಒಬ್ಬ ಬೇಕು. ಕಾರ್ಬಿನ್ ಹೊರುತ್ತಿದ್ದಾನೆ. ಮುಖ ಗಂಟು ಹಾಕಿಕೊಳ್ಳದೆ ಬಂದು ಎಸೆದು ಹೋಗುತ್ತಾನೆ. ನನಗಂತೂ ಅವನ ಮೇಲೆ ಗೌರವ ಇದೆ.

ಅರಿಜೋನಾ ಪರಿಸ್ಥಿತಿ ಹಾಗಿಲ್ಲ. ಈ ವರ್ಷ ಚೆನ್ನಾಗಿ ಆಡ್ತಿದ್ದಾರೆ, ಕೋರ್ಬಿನ್ ಕ್ಯಾರಲ್ ಥರದ ಹುಡುಗರು ಬಂದಿದ್ದಾರೆ. ಗೆಲ್ಲುವ ಆಸೆ ಇರುವ ತಂಡ ಐದಕ್ಕೊಂದು ಪಂದ್ಯ ಬಿಟ್ಟುಕೊಡೋಕೆ ಆಗಲ್ಲ.

ಮರಳುಗಾಡಿನ ಮಲ್ಲಿಗೆ

ನಮ್ಮ ತಂಡಕ್ಕೆ ಇದು ಹೊಸದೂ ಅಲ್ಲ. 2004ರ ಡಿಸೆಂಬರ್‌ನಲ್ಲಿ ರಸ್ ಓರ್ಟಿಸ್ ಅನ್ನುವ ಪಿಚ್ಚರ್‌ಗೆ 4 ವರ್ಷಕ್ಕೆ 3.3 ಕೋಟಿ ಕೊಟ್ಟಿದ್ದರು. ಮೊದಲ ವರ್ಷ 5 ಗೆಲುವು 11 ಸೋಲು, ಎರಡನೇ ವರ್ಷ ಗೆಲುವೇ ಇಲ್ಲ, 5 ಸೋಲು. 2006ರ ಜೂನ್‌ನಲ್ಲಿ ಸುಮಾರು 2.2 ಕೋಟಿ ಬಾಕಿ ಇದ್ದಾಗಲೇ ತೆಗೆದರು. ಆಗಿನ ಕಾಲಕ್ಕೆ ಅದು ದೊಡ್ಡ ಸುದ್ದಿ. ನಾನು ಆಗ ಟೆಂಪೆಯಲ್ಲಿ ಓದುತ್ತಿದ್ದೆ. ಬೇರೆ ಊರಿನಿಂದ ವಯಸ್ಸಾದ ಪಿಚ್ಚರ್‌ಗಳನ್ನು ದುಬಾರಿಗೆ ತರೋದು, ಆಮೇಲೆ ಕೈಬಿಡೋದು. ಕೋಪ ಬರೋದು ಅದಕ್ಕೆ. ತೆಗೆದ ದಿನದ ತೀರ್ಮಾನ ಸರಿ. ತಪ್ಪಾಗಿದ್ದು ಸಹಿ ಹಾಕಿದ ದಿನ. ಬಮ್‌ಗಾರ್ನರ್‌ಗೆ ಆಗ 30 ವರ್ಷ, ಭುಜಕ್ಕೆ ಪೆಟ್ಟಾಗಿತ್ತು, 2018ರಲ್ಲಿ ಚೆಂಡು ಬಡಿದು ಬೆರಳು ಮುರಿದಿತ್ತು, ಅಷ್ಟು ಇನ್ನಿಂಗ್ಸ್ ಆಗಿತ್ತು. ಇದೆಲ್ಲಾ ಆಗಲೇ ಎಲ್ಲರಿಗೂ ಗೊತ್ತಿತ್ತು.

ಹಾಸನ ಟು ಹ್ಯೂಸ್ಟನ್

"ಸುಮ್ನೆ ಕೂತು ದುಡ್ಡು ತಗೋತಾನೆ" ಅಂತ ಬೇರೆ ಕಡೆ ಜನ ಬರೆಯೋದನ್ನು ನೋಡಿದೆ. ಇದನ್ನು ಒಪ್ಪೋಕೆ ಆಗಲ್ಲ.

2012ರಲ್ಲಿ ಜೈಂಟ್ಸ್ ಜೊತೆ ಅವನ ಒಪ್ಪಂದ ಎಷ್ಟಕ್ಕೆ ಗೊತ್ತಾ? 5 ವರ್ಷಕ್ಕೆ ಸುಮಾರು 3.5 ಕೋಟಿ. ಆಮೇಲೆ ಎರಡು ವರ್ಷ, ತಂಡ ಬೇಕು ಅಂದರೆ, ವರ್ಷಕ್ಕೆ 1.2 ಕೋಟಿ. ಅವನ ಮಟ್ಟದ ಪಿಚ್ಚರ್‌ಗಳು ಆಗ ವರ್ಷಕ್ಕೇ 2 ಕೋಟಿಗಿಂತ ಜಾಸ್ತಿ ತಗೋತಿದ್ದರು. ಹೊಸಬರಿಗೆ ಮೊದಲ 6 ವರ್ಷ ಬೇರೆ ತಂಡಕ್ಕೆ ಹೋಗುವ ಹಕ್ಕಿಲ್ಲ, ಅದಕ್ಕೇ ಕಡಿಮೆಗೆ ಒಪ್ಪಬೇಕಾಗುತ್ತದೆ. ಅವನು ಆಟದ ತುತ್ತತುದಿಯಲ್ಲಿದ್ದಾಗ ಕೂಲಿ ಕಡಿಮೆ ಸಿಕ್ಕಿತು, ಇಳಿಗಾಲದಲ್ಲಿ ಜಾಸ್ತಿ ಸಿಕ್ಕಿತು. ಕೊಟ್ಟವರು ಬೇರೆ, ದುಡಿಸಿಕೊಂಡವರು ಬೇರೆ, ಅಷ್ಟೇ. ಅವನ ಕಡೆಯಿಂದ ನೋಡಿದರೆ ಒಂದು ಡಾಲರ್ ಕೂಡ ಪುಕ್ಕಟೆ ಅಲ್ಲ.

ಫ್ರೀಮಾಂಟ್ ಫಿಲ್ಟರ್ ಕಾಫಿ

ಈ ಮಾತಿಗೆ ನೂರು ನಮಸ್ಕಾರ. ನಮ್ಮ ತಂಡ ಅವನಿಂದ ಮೂರು ಸಲ ಕಪ್ ಗೆದ್ದಿತು: 2010, 2012, 2014. ಅವನ ನಿಜವಾದ ಸಾಲ ನಮ್ಮ ಮೇಲಿದೆ, ತೀರಿಸಿದ್ದು ಅರಿಜೋನಾ.

ಲೆಕ್ಕದ ಮನುಷ್ಯ

ಇದನ್ನು ನಾನೂ ಒಪ್ಪುತ್ತೇನೆ. ಅವನು ದುಡ್ಡಿಗೆ ಅರ್ಹ ಅಲ್ಲ ಅಂತ ನಾನು ಎಲ್ಲೂ ಹೇಳಿಲ್ಲ. ಜಾಗಕ್ಕೆ ಅರ್ಹ ಅಲ್ಲ ಅಂತ ಮಾತ್ರ.

ಚಾಂಡ್ಲರ್ ಕನ್ನಡಿಗ

ಎಲ್ಲರಿಗೂ ಧನ್ಯವಾದ. ಲೆಕ್ಕದವರ ಮಾತು ತಲೆಗೆ ಹೋಯಿತು, ಮನಸ್ಸಿಗೆ ಇನ್ನೂ ಹೋಗಿಲ್ಲ.

ಇಲ್ಲಿ ಒಂದು ದಿನವಾದರೂ ಹಳೆ ಬಮ್‌ಗಾರ್ನರ್ ಕಾಣಿಸಿದ್ದ. 2021ರ ಏಪ್ರಿಲ್ 25, ಅಟ್ಲಾಂಟಾದಲ್ಲಿ ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸಿದ. ಆದರೆ ಆ ವರ್ಷ ಕೋವಿಡ್ ನಿಯಮ, ಒಂದೇ ದಿನ ಎರಡು ಪಂದ್ಯ ಇದ್ದರೆ 7 ಇನ್ನಿಂಗ್ಸ್ ಮಾತ್ರ. 9 ಆಗಿಲ್ಲ ಅಂತ ದಾಖಲೆ ಪುಸ್ತಕದಲ್ಲಿ ನೋ-ಹಿಟ್ಟರ್ ಅಂತ ಸೇರಿಸಲಿಲ್ಲ. ಅವನಿಗೆ ಎಸೆಯೋಕೆ ಕೊಟ್ಟಿದ್ದೇ ಅಷ್ಟು, ಕೊಟ್ಟಷ್ಟರಲ್ಲಿ ಒಂದೂ ಹಿಟ್ ಇಲ್ಲ. ಆ ಸಂಜೆ ನನ್ನ ಮಗಳಿಗೆ ಅವನ 40ನೇ ನಂಬರ್ ಶರ್ಟ್ ತಂದುಕೊಟ್ಟೆ. ಈಗ ಅವಳು ಶಾಲೆಯಿಂದ ಬಂದು "ಅಪ್ಪ, ಇನ್ನು ಇದನ್ನು ಹಾಕ್ಕೋಬಹುದಾ?" ಅಂತ ಕೇಳಿದಳು.

ಡಿಸಿ ಕನ್ನಡತಿ

ಖಂಡಿತ ಹಾಕ್ಕೊಳ್ಳಲಿ.

ಮರಳುಗಾಡಿನ ಮಲ್ಲಿಗೆ · 27 ಏಪ್ರಿಲ್ 2023

ಅಂದುಕೊಂಡ ಹಾಗೆ ಆಯಿತು. ವೇವರ್ಸ್‌ನಲ್ಲಿ ಯಾವ ತಂಡವೂ ತಗೊಳ್ಳಲಿಲ್ಲ, ನಿನ್ನೆ ಬಿಡುಗಡೆ ಮಾಡಿದರು.

ಗಿಲ್ಬರ್ಟ್ ಅಮ್ಮ

ಮಗನ ಎಕ್ಸ್-ರೇ ಆಯಿತು. ದೊಡ್ಡದೇನಿಲ್ಲ, ಆದರೆ ಎರಡು ತಿಂಗಳು ಎಸೆಯೋ ಹಾಗಿಲ್ಲ ಅಂದರು. ಖಾಸಗಿ ತಂಡ ಬಿಡಿಸಿದೆ. ಎರಡು ದಿನ ಅತ್ತ, ಈಗ ಮೊದಲ ಬೇಸ್‌ನಲ್ಲಿ ಆಡೋದು ಕಲೀತೀನಿ ಅಂತಿದ್ದಾನೆ.

ಲೆಕ್ಕದ ಮನುಷ್ಯ · 2 ನವೆಂಬರ್ 2023

ಹಳೆ ಚರ್ಚೆಯನ್ನು ಮತ್ತೆ ಮೇಲೆ ತರ್ತಿದ್ದೀನಿ. ಬರೀ 84 ಪಂದ್ಯ ಗೆದ್ದು ಪ್ಲೇಆಫ್‌ಗೆ ಬಂದ ಡೈಮಂಡ್‌ಬ್ಯಾಕ್ಸ್, ಮಿಲ್ವಾಕೀ, ಲಾಸ್ ಏಂಜಲಿಸ್, ಫಿಲಡೆಲ್ಫಿಯಾ ಮೂವರನ್ನೂ ಸೋಲಿಸಿ ವರ್ಲ್ಡ್ ಸೀರೀಸ್ ತನಕ ಹೋಗಿತ್ತು! ನಿನ್ನೆ ಟೆಕ್ಸಸ್ ಎದುರು 4–1ರಿಂದ ಸೋತರು, ಅದು ಬೇರೆ. ಏಪ್ರಿಲ್‌ನಲ್ಲಿ ಖಾಲಿಯಾದ ಜಾಗದಿಂದ ಹೊಸ ಹುಡುಗರಿಗೆ ಅವಕಾಶ ಸಿಕ್ಕಿತು. ಬ್ರ್ಯಾಂಡನ್ ಫಾಟ್ ಮೇ ತಿಂಗಳಲ್ಲಿ ಬಂದ, ಚಚ್ಚಿಸಿಕೊಂಡ, ಕೆಳಗೆ ಹೋದ, ಮತ್ತೆ ಬಂದ. ಫಿಲಡೆಲ್ಫಿಯಾ ವಿರುದ್ಧ 0–2 ಹಿಂದಿದ್ದಾಗ ಮೂರನೇ ಪಂದ್ಯದಲ್ಲಿ ರನ್ ಕೊಡದೆ 9 ಜನರನ್ನು ಸ್ಟ್ರೈಕ್‌ಔಟ್ ಮಾಡಿದ. ಅಲ್ಲಿಂದ ಸರಣಿ ತಿರುಗಿತು.

ಫ್ರೀಮಾಂಟ್ ಫಿಲ್ಟರ್ ಕಾಫಿ

ಗಮನಿಸಿ, ಫಾಟ್‌ನ ಸೀಸನ್ ಇಆರ್‌ಎ 5.72. ಅದು ಬಮ್‌ಗಾರ್ನರ್‌ನ ಅರಿಜೋನಾ ಲೆಕ್ಕಕ್ಕಿಂತ ಜಾಸ್ತಿ! ಅವನಿಗೆ ತಾಳ್ಮೆ ತೋರಿಸಿದರು, ಫಲ ಸಿಕ್ಕಿತು. ನಾನು ಹೇಳಿದ್ದೂ ಅದೇ ತಾಳ್ಮೆ.

ಎಡಗೈ ವೇಗಿ

ಹೊಸಬನಿಗೆ ತೋರಿಸುವ ತಾಳ್ಮೆ ಬೇರೆ ಸರ್, ಮುಗಿದವನಿಗೆ ತೋರಿಸುವ ತಾಳ್ಮೆ ಬೇರೆ. ಒಬ್ಬ ಕಲಿಯುತ್ತಿದ್ದಾನೆ. ಇನ್ನೊಬ್ಬನಿಗೆ ಎಲ್ಲಾ ಗೊತ್ತು, ಮೈ ಕೇಳ್ತಿಲ್ಲ. ಬಿಡುಗಡೆ ಆದ ಮೇಲೆ ಬರೀ 7.2 ಲಕ್ಷಕ್ಕೆ ಸಿಗ್ತಿದ್ದ, ಆದರೂ ಇಡೀ ವರ್ಷ ಯಾವ ತಂಡದಲ್ಲೂ ಆಡಲಿಲ್ಲ ನೋಡಿ.

ಫ್ರೀಮಾಂಟ್ ಫಿಲ್ಟರ್ ಕಾಫಿ

ಅವನೇ ಬೇಡ ಅಂದಿರಬಹುದಲ್ಲ.

ಎಡಗೈ ವೇಗಿ

ಇರಬಹುದು.

ಚಾಂಡ್ಲರ್ ಕನ್ನಡಿಗ

ನಾನೂ ಮಗಳೂ ನಿನ್ನೆಯ ಪಂದ್ಯಕ್ಕೆ ಹೋಗಿದ್ದೆವು. ಅವಳು 40ನೇ ನಂಬರ್ ಶರ್ಟನ್ನೇ ಹಾಕಿದ್ದಳು. ಹಿಂದಿನ ಸಾಲಿನಲ್ಲಿ ಕೂತಿದ್ದ ಅಜ್ಜ ಒಬ್ಬರು ಬೆನ್ನ ಮೇಲಿನ ಹೆಸರು ನೋಡಿ ಏನೋ ಹೇಳೋಕೆ ಹೋದರು. ನಾನು ಗಟ್ಟಿಯಾದೆ. ಆದರೆ ಅವರು 2014ರ ಆ ಪಂದ್ಯವನ್ನು ಅವಳಿಗೆ ಇನ್ನಿಂಗ್ಸ್ ಇನ್ನಿಂಗ್ಸ್ ಆಗಿ ಹೇಳುತ್ತಾ ಕೂತರು.

ಮರಳುಗಾಡಿನ ಮಲ್ಲಿಗೆ · 3 ಅಕ್ಟೋಬರ್ 2024

ಮತ್ತೆ ಅದೇ ಕಥೆ ಶುರು. ಹೋದ ವರ್ಷ ನಮ್ಮನ್ನು ಸೋಲಿಸಿದ ಟೆಕ್ಸಸ್ ತಂಡದಲ್ಲಿದ್ದ ಜೋರ್ಡಾನ್ ಮಾಂಟ್‌ಗೊಮರಿಯನ್ನು ಈ ಮಾರ್ಚ್‌ನಲ್ಲಿ 2.5 ಕೋಟಿಗೆ ತಂದರು. ಇಆರ್‌ಎ 6.23. ಆಗಸ್ಟ್‌ನಲ್ಲಿ ಬುಲ್‌ಪೆನ್‌ಗೆ ಹಾಕಿದರು. ಪ್ಲೇಆಫ್ ಸ್ವಲ್ಪದರಲ್ಲಿ ತಪ್ಪಿತು. ಮಾಲೀಕ ಕೆನ್ ಕೆಂಡ್ರಿಕ್ ರೇಡಿಯೋದಲ್ಲಿ, ಇವನನ್ನು ತರಬೇಕು ಅಂತ ಹಟ ಹಿಡಿದವನು ನಾನೇ, ತಪ್ಪು ನನ್ನದೇ ಅಂತ ಒಪ್ಪಿಕೊಂಡಿದ್ದಾರೆ.

ಲೆಕ್ಕದ ಮನುಷ್ಯ

ಒಪ್ಪಿಕೊಂಡಿದ್ದು ದೊಡ್ಡದು. ಆದರೆ ಆಟಗಾರನ ಹೆಸರು ಹಿಡಿದು ರೇಡಿಯೋದಲ್ಲಿ ಹೇಳಬಾರದಿತ್ತು. ಅವನು ಇನ್ನೂ ತಂಡದಲ್ಲೇ ಇದ್ದಾನೆ ಅಲ್ವಾ?

ಮರಳುಗಾಡಿನ ಮಲ್ಲಿಗೆ

ಹೌದು. ಮುಂದಿನ ವರ್ಷ ಇರಬೇಕೋ ಬೇಡವೋ ಅನ್ನೋದು ಅವನ ಇಷ್ಟ. ಇದ್ದರೆ ಇನ್ನೂ 2.25 ಕೋಟಿ.

ಬೆಣ್ಣೆದೋಸೆ

ಇಷ್ಟೆಲ್ಲಾ ಕೇಳಿಸಿಕೊಂಡ ಮೇಲೂ ಇರ್ತಾನಾ?

ಹಾಸನ ಟು ಹ್ಯೂಸ್ಟನ್

ಇರಬೇಕು. ಸಹಿ ಹಾಕುವಾಗ ಇಬ್ಬರೂ ಸೇರಿ ಹಾಕಿದ್ದಲ್ವಾ?